ಸ್ವಯಂ ಕೋರ್ಸ್ ಮಾಡಿದರೆ ಡಿಗ್ರಿಗೆ ಕ್ರೆಡಿಟ್ ಸಿಗುತ್ತಾ?

ಪ್ರಶ್ನೆ: ಬಾಗೇಪಲ್ಲಿ ಕಡೆಯ ಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಾಲೇಜಿಗೆ ದಿನಾ ಬಸ್ಸಲ್ಲಿ ಓಡಾಡುತ್ತೇನೆ. ಬಿ.ಕಾಂ. ಓದುತ್ತಿದ್ದೇನೆ. ಸ್ವಯಂನಲ್ಲಿ ಕೋರ್ಸ್ ಮಾಡಿದರೆ ಕಾಲೇಜಿನ ಒಂದು ಪೇಪರ್ ಬದಲು ಅದನ್ನೇ ಲೆಕ್ಕಕ್ಕೆ ತಗೊಳ್ತಾರಾ? ಆ ಕ್ಲಾಸಿಗೆ ಹೋಗದಿದ್ದರೂ ನಡೆಯುತ್ತಾ?

ಉತ್ತರ: ತಗೊಳ್ಳಬಹುದು. ಆದರೆ ನಿಮ್ಮ ವಿಶ್ವವಿದ್ಯಾಲಯ ಒಪ್ಪಿರಬೇಕು, ಅದೂ ನೀವು ಸೇರುವ ಮೊದಲೇ.

ಸ್ವಯಂ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ವೇದಿಕೆ, 2017ರಲ್ಲಿ ಶುರುವಾಯಿತು. ಸೇರುವುದಕ್ಕೆ, ಕಲಿಯುವುದಕ್ಕೆ ದುಡ್ಡು ಕೊಡಬೇಕಿಲ್ಲ. ಸರ್ಟಿಫಿಕೇಟ್ ಬೇಕಾದರೆ ಪರೀಕ್ಷೆ ಶುಲ್ಕ ಕಟ್ಟಬೇಕು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಮಾಡಲು ಅವಕಾಶ ಕೊಡಬಹುದು. ಇದು ಮೇಲಿನ ಮಿತಿ ಅಷ್ಟೇ. ನಿಮಗೆ ಬೇಕಾದ ಕೋರ್ಸನ್ನು ಒಪ್ಪಲೇಬೇಕು ಅಂತ ಅರ್ಥವಲ್ಲ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಕೇಳಿದರೆ ಆಗಲ್ಲ ಅನ್ನಿಸಿಕೊಂಡು ಬರಬೇಕಾಗಬಹುದು. ಮೊದಲೇ ವಿಭಾಗದ ಮುಖ್ಯಸ್ಥರನ್ನು ಕೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಎಷ್ಟು ಕೆಲಸ ಇರುತ್ತೆ? ಸ್ವಯಂನಲ್ಲೇ ಸಿಗುವ, ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸ್ ನೋಡಿ. 12 ವಾರದ್ದಕ್ಕೆ 3 ಕ್ರೆಡಿಟ್ (ಡಿಗ್ರಿ ಮುಗಿಸಲು ಕೂಡಿಸಿಕೊಳ್ಳಬೇಕಾದ ಲೆಕ್ಕ). ವಾರವಾರದ ಅಸೈನ್‌ಮೆಂಟ್‌ಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಅಸೈನ್‌ಮೆಂಟ್‌ಗೆ ಕೊನೇ ದಿನ ಇರುತ್ತೆ. ರಜೆಯಲ್ಲಿ ಎಲ್ಲ ಒಟ್ಟಿಗೆ ಮಾಡ್ತೀನಿ ಅಂದುಕೊಂಡವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಇನ್ನು ಕ್ಲಾಸ್ ಬಿಡುವ ಮಾತು. ದಯವಿಟ್ಟು ಬಿಡಬೇಡಿ. ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತಾಡುವುದು ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ, ವಿಡಿಯೋದಲ್ಲಿ ಬರುವುದು ಹೆಚ್ಚಾಗಿ ಇಂಗ್ಲಿಷ್. ಸವಕಳಿ, ಅಂದರೆ ಯಂತ್ರದಂಥ ವಸ್ತುವಿನ ಬೆಲೆ ವರ್ಷವರ್ಷ ಇಳಿಯುವ ಲೆಕ್ಕ ಮಾಡುವಾಗ ಒಂದು ಸಾಲು ಅರ್ಥವಾಗಲಿಲ್ಲ ಅಂದರೆ ವಿಡಿಯೋ ಹತ್ತು ಸಲ ತಿರುಗಿಸಿದರೂ ಅದೇ ಸಾಲೇ ಬರುತ್ತದೆ. ಮೇಷ್ಟ್ರಾದರೆ ಚಿಂತಾಮಣಿಯ ಒಂದು ಅಕ್ಕಿ ಗಿರಣಿ ಲೆಕ್ಕ ತೆಗೆದುಕೊಂಡು, ನಿಮ್ಮ ಮುಖ ನೋಡಿ ಇನ್ನೊಂದು ಸಲ ಹೇಳುತ್ತಾರೆ. ಆನ್‌ಲೈನ್ ಮತ್ತು ತರಗತಿ ಕೂಡಿದ ಕಲಿಕೆ ನಿಜವಾಗಿ ಕೆಲಸ ಮಾಡುವುದು ಹೀಗೇ. ಕೇಳುವುದು ಮನೆಯಲ್ಲಿ, ಲೆಕ್ಕ ಬಿಡಿಸುವುದು, ವಾದ ಮಾಡುವುದು ಕ್ಲಾಸಿನಲ್ಲಿ. ವಿಡಿಯೋ ಇದೆಯಲ್ಲ ಅಂತ ಕ್ಲಾಸಿನ ಗಂಟೆಯನ್ನೇ ಕಿತ್ತುಹಾಕುವ ಕಾಲೇಜು ಮಕ್ಕಳಿಗೆ ಅನ್ಯಾಯ ಮಾಡುತ್ತದೆ.

ಬಸ್ಸಿನಲ್ಲಿ ಸಿಗ್ನಲ್ ನಂಬಬೇಡಿ. ಕಾಲೇಜಿನಲ್ಲಿ ವೈಫೈ ಇದ್ದರೆ ಬೇಕಾದ್ದನ್ನು ಅಲ್ಲೇ ಇಳಿಸಿಕೊಳ್ಳಿ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸ್ವಯಂ ಕೋರ್ಸ್‌ಗೆ ಕ್ರೆಡಿಟ್ ಕೊಡುವ ಸಂಸ್ಥೆ ವಿದ್ಯಾರ್ಥಿಗಳಿಗೆ ದಾರಿ ತೋರಿಸಲು ಒಬ್ಬರನ್ನು ನೇಮಿಸಬೇಕು, ಕಂಪ್ಯೂಟರ್, ಲೈಬ್ರರಿಯನ್ನು ಉಚಿತವಾಗಿ ಒದಗಿಸಬೇಕು ಎಂದು ಯುಜಿಸಿಯ ಅದೇ 2021ರ ನಿಯಮ ಹೇಳುತ್ತದೆ. ನಿಮ್ಮ ಕಾಲೇಜಿನಲ್ಲಿ ಅವರು ಯಾರು ಅಂತ ನಾಳೆಯೇ ಪ್ರಾಂಶುಪಾಲರ ಹತ್ತಿರ ಕೇಳಿ. ಯಾರೂ ಇಲ್ಲದಿದ್ದರೆ, ಕೋರ್ಸ್ ಮಾಡಬೇಕು ಅನ್ನುವ ನಾಲ್ಕೈದು ಜನ ಸೇರಿ ಒಂದು ಅರ್ಜಿ ಬರೆದುಕೊಡಿ.