ಐದನೇ ತಿಂಗಳ ಸ್ಕ್ಯಾನಿಂಗ್: ಮೆದುಳಿನ ಲೆಕ್ಕ, ಕಾನೂನಿನ ಲೆಕ್ಕ

ಗರ್ಭಪಾತಕ್ಕೆ 20 ವಾರದ ಗಡಿ ಹಾಕಿದ ಎಂಟಿಪಿ ಕಾಯ್ದೆ ನಮ್ಮಲ್ಲಿ ಬಂದದ್ದು 1971ರಲ್ಲಿ. ಹೊಟ್ಟೆಯೊಳಗನ್ನು ಅಲ್ಟ್ರಾಸೌಂಡ್‌ನಿಂದ ನೋಡಬಹುದೆಂದು ಗ್ಲಾಸ್ಗೋದ ಇಯಾನ್ ಡೊನಾಲ್ಡ್ ತಂಡ 1958ರಲ್ಲೇ ತೋರಿಸಿತ್ತು. ಆದರೆ ತಲೆಬುರುಡೆ ಬೆಳೆಯದ ಭ್ರೂಣವೊಂದನ್ನು 17ನೇ ವಾರದಲ್ಲೇ ಗುರುತಿಸಿದ ಸ್ಟುವರ್ಟ್ ಕ್ಯಾಂಪ್‌ಬೆಲ್ ತಂಡದ ವರದಿ ಪ್ರಕಟವಾದದ್ದು 1972ರಲ್ಲಿ. ಅಂದರೆ ಕಾಯ್ದೆಯ 20 ವಾರ, ಮೆದುಳು ಯಾವ ವಾರದಲ್ಲಿ ಎಷ್ಟು ಕಾಣುತ್ತದೆ ಎಂದು ನೋಡಿ ಹಾಕಿದ ಗಡಿಯಲ್ಲ. ಆ ಹೊಂದಾಣಿಕೆಯಿಲ್ಲದ್ದರ ತೊಂದರೆಯನ್ನು ಬಸುರಿಯರು ಐವತ್ತು ವರ್ಷ ಅನುಭವಿಸಿದರು.

1986ರಲ್ಲಿ ಲಂಡನ್ನಿನ ವೈದ್ಯ ನಿಕೊಲೈಡಿಸ್ ತಂಡ ಬೆನ್ನುಹುರಿಯ ದೋಷಕ್ಕೆ ತಲೆಯಲ್ಲೇ ಸುಳಿವಿದೆ ಎಂದಿತು. ಬುರುಡೆಯ ಮುಂಭಾಗ ಒಳಸರಿದು ನಿಂಬೆಯಾಕಾರ, ಕಿರುಮೆದುಳು ಬಾಗಿ ಬಾಳೆಹಣ್ಣಿನಾಕಾರ. ಸಣ್ಣ ಬೆನ್ನುಮೂಳೆಯಲ್ಲಿ ಹುಡುಕುವುದಕ್ಕಿಂತ ಇದು ಸುಲಭ. ಹಾಗಾಗಿ ಇವತ್ತಿಗೂ ತಲೆ ನೋಡಿದ ಮೇಲೆಯೇ ಬೆನ್ನಿನ ಮೇಲೆ ಅನುಮಾನ ಗಟ್ಟಿಯಾಗುವುದು.

18ರಿಂದ 20ನೇ ವಾರದ ದೋಷ ಹುಡುಕುವ ಅನಾಮಲಿ ಸ್ಕ್ಯಾನ್‌ನಲ್ಲಿ ತಲೆಯನ್ನು ಮೂರು ಅಡ್ಡ ಮಟ್ಟದಲ್ಲಿ ನೋಡುತ್ತಾರೆ: ಮೆದುಳೊಳಗಿನ ನೀರಿನ ಕೋಣೆಗಳು, ಮೆದುಳಿನ ನಡುವಿನ ಥಲಾಮಸ್, ಕಿರುಮೆದುಳು. ನೀರಿನ ಕೋಣೆಯ ಹಿಂಭಾಗದ ಅಗಲ 10 ಮಿ.ಮೀ.ಗಿಂತ ಕಡಿಮೆ ಇರಬೇಕು. ಅಳೆಯುವ ಗುರುತುಗಳನ್ನು ಗೋಡೆಯ ಒಳಅಂಚಿಗೇ, ಕೋಣೆಯ ಉದ್ದಕ್ಕೆ ಲಂಬವಾಗಿ ಇಡಬೇಕು. ಕೊಂಚ ಓರೆಯಾದರೂ 9 ಹೋಗಿ 11 ಆಗುತ್ತದೆ, ಮನೆಯವರಿಗೆ ನಿದ್ದೆ ಇರುವುದಿಲ್ಲ. ಬೇರೇನೂ ದೋಷವಿಲ್ಲದೆ ಬರೀ 10–12 ಮಿ.ಮೀ. ಇದ್ದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳ ಬೆಳವಣಿಗೆ ಸರಿಯಾಗಿಯೇ ಇರುತ್ತದೆ. 15 ದಾಟಿದರೆ ಮಾತು ಬೇರೆ. ಕಿರುಮೆದುಳಿನ ಅಗಲ ಈ ಹೊತ್ತಿನಲ್ಲಿ ಹೆಚ್ಚುಕಡಿಮೆ ವಾರದ ಸಂಖ್ಯೆಯಷ್ಟೇ ಮಿ.ಮೀ., ಅದರ ಹಿಂದಿನ ನೀರಿನ ಜಾಗ 2ರಿಂದ 10 ಮಿ.ಮೀ.

ಅಳತೆಗಳೆಲ್ಲ ನಿಂತಿರುವುದು ತಾರೀಖಿನ ಮೇಲೆ. 'ಮುಟ್ಟು ನಿಂತದ್ದು ಗಣಪತಿ ಹಬ್ಬದ ಆಸುಪಾಸು' ಎಂದರೆ ಎರಡು ವಾರ ಹೆಚ್ಚುಕಡಿಮೆ. ಆಗ ಸರಿಯಾದ ತಲೆಯೇ ಚಿಕ್ಕದೆನಿಸುತ್ತದೆ. 11–14 ವಾರದ ಮೊದಲ ಸ್ಕ್ಯಾನ್ ವರದಿಯನ್ನು ತಾಯಿ ಕಾರ್ಡ್ ಜೊತೆಗೇ ಇಟ್ಟುಕೊಳ್ಳಿ ಎನ್ನುವುದು ಅದಕ್ಕೇ.

ಸ್ಕ್ಯಾನ್‌ಗೂ ಮಿತಿಯಿದೆ. ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್‌ಗೆ ಹತ್ತಿರವಿರುವ ಅರ್ಧ ಮೆದುಳು ಬುರುಡೆಯ ಪ್ರತಿಧ್ವನಿಯಲ್ಲಿ ಮಸುಕಾಗುತ್ತದೆ. 20ನೇ ವಾರದಲ್ಲಿ ಮೆದುಳಿನ ಮೇಲ್ಮೈ ಹೆಚ್ಚೂಕಡಿಮೆ ನುಣುಪಾಗಿಯೇ ಇರುವುದರಿಂದ, ಮಡಿಕೆಗಳೇ ಮೂಡದ ರೋಗವನ್ನು ಆಗ ಹೇಳಲಾಗದು. ರಕ್ತಸ್ರಾವ, ಸೋಂಕಿನ ಪೆಟ್ಟು ಆಮೇಲೂ ಬರಬಹುದು. 'ಐದರಲ್ಲಿ ನಾರ್ಮಲ್ ಅಂದಿದ್ರಲ್ಲ' ಎಂದು ಎಂಟರಲ್ಲಿ ಜಗಳಕ್ಕೆ ನಿಲ್ಲುವುದು ಎಷ್ಟೋ ಸಲ ನ್ಯಾಯವಲ್ಲ.

ಅನುಮಾನವಿದ್ದಾಗ ಎಂಆರ್‌ಐ. ಭ್ರೂಣ ಹೊರಳಾಡಿದರೂ ಚಿತ್ರ ಕೆಡದಷ್ಟು ವೇಗದ ವಿಧಾನ 1990ರ ದಶಕದಲ್ಲಿ ಕೈಗೆ ಬಂತು. ವಿಕಿರಣವಿಲ್ಲ, ಚಿತ್ರ ಎದ್ದು ಕಾಣಲು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುವುದಿಲ್ಲ. 2017ರ ಬ್ರಿಟನ್ನಿನ ಮೆರಿಡಿಯನ್ ಅಧ್ಯಯನದಲ್ಲಿ ಮೆದುಳಿನ ದೋಷದ ಅನುಮಾನವಿದ್ದ 570 ಭ್ರೂಣಗಳಲ್ಲಿ ಅಲ್ಟ್ರಾಸೌಂಡ್ ಶೇ 68, ಎಂಆರ್‌ಐ ಶೇ 93 ಸರಿ ಹೇಳಿದವು.

ಮಲೆನಾಡಿನ ತೊಡಕು ರಸ್ತೆಯದ್ದೂ ಹೌದು. ಲಿಂಗಪತ್ತೆ ತಡೆಯುವ 1994ರ ಕಾಯ್ದೆಯಿಂದಾಗಿ ಸ್ಕ್ಯಾನ್ ಯಂತ್ರವನ್ನು ನೋಂದಾಯಿತ ಜಾಗದಿಂದ ಮನಬಂದಂತೆ ಒಯ್ಯುವಂತಿಲ್ಲ. ಆ ಕಾಯ್ದೆ ಬೇಕೇಬೇಕು, ಆದರೆ ಊರೂರಿಗೆ ಯಂತ್ರ ಬರದು, ಬಸುರಿಯೇ ಹೋಗಬೇಕು. ತುಮರಿ ಕಡೆಯವರು 2025ರ ಜುಲೈನಲ್ಲಿ ಸೇತುವೆ ಆಗುವವರೆಗೆ ಶರಾವತಿ ಹಿನ್ನೀರನ್ನು ಲಾಂಚ್‌ನಲ್ಲೇ ದಾಟಿ ಸಾಗರಕ್ಕೆ ಬರುತ್ತಿದ್ದರು. ಆಗುಂಬೆಯವರು ಮಳೆಗಾಲದಲ್ಲಿ ಶಿವಮೊಗ್ಗಕ್ಕೆ ಬರುವುದನ್ನು ಒಂದು ವಾರ ಮುಂದೂಡಿದರೂ ಹಳೆಯ ಗಡಿ ಮುಗಿದುಹೋಗುತ್ತಿತ್ತು.

ಎಂಟಿಪಿ ಕಾಯ್ದೆಯ 2021ರ ತಿದ್ದುಪಡಿ ಈ ಗಡಿಯನ್ನು ಸಡಿಲಿಸಿತು. ಗೊತ್ತುಪಡಿಸಿದ ವರ್ಗದ ಮಹಿಳೆಯರಿಗೆ 24 ವಾರ. ಗಂಭೀರ ದೋಷವನ್ನು ವೈದ್ಯಕೀಯ ಮಂಡಳಿ ದೃಢಪಡಿಸಿದರೆ ವಾರದ ಗಡಿಯೇ ಇಲ್ಲ. ಮಂಡಳಿ ಮೂರು ದಿನದಲ್ಲಿ ತೀರ್ಮಾನ ಹೇಳಬೇಕು. ಆದರೂ 18–19ನೇ ವಾರದಲ್ಲೇ ಹೋಗುವುದು ಲೇಸು: ಮರುಸ್ಕ್ಯಾನ್, ಎಂಆರ್‌ಐ, ಆಪ್ತಸಮಾಲೋಚನೆ ಎಲ್ಲಕ್ಕೂ ದಿನ ಹಿಡಿಯುತ್ತದೆ.

ಮೊದಲ ಮಗುವಿಗೆ ಮೆದುಳು ಅಥವಾ ಬೆನ್ನುಹುರಿ ಮುಚ್ಚಿಕೊಳ್ಳದ ದೋಷವಿದ್ದರೆ ಮುಂದಿನ ಸಲ ಫೋಲಿಕ್ ಆಮ್ಲದ ಪ್ರಮಾಣವೇ ಬೇರೆ. ಎಲ್ಲರಿಗೂ ದಿನಕ್ಕೆ 400 ಮೈಕ್ರೋಗ್ರಾಂ, ಇವರಿಗೆ ವೈದ್ಯರ ಚೀಟಿಯಂತೆ ಹತ್ತುಪಟ್ಟು. ದಿನಕ್ಕೆ 4 ಮಿ.ಗ್ರಾಂ. ಕೊಟ್ಟರೆ ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗುತ್ತದೆ ಎಂದು 1991ರಲ್ಲಿ ಬ್ರಿಟನ್ನಿನ ಪ್ರಯೋಗ ತೋರಿಸಿತು. ಗರ್ಭ ನಿಂತ 28 ದಿನದೊಳಗೆ, ಮುಂದೆ ಮೆದುಳು-ಬೆನ್ನುಹುರಿ ಆಗುವ ನರನಾಳ ಮುಚ್ಚಿಕೊಳ್ಳುವುದರಿಂದ, ಗರ್ಭ ನಿಲ್ಲುವ ಒಂದು ತಿಂಗಳ ಮುಂಚಿನಿಂದಲೇ ಮಾತ್ರೆ ಶುರುವಾಗಿರಬೇಕು.