ಬೀಗವೂ ಸ್ಲೊಟ್, ಕೋಟೆಯೂ ಸ್ಲೊಟ್

ಡಚ್ ಭಾಷೆಯಲ್ಲಿ 'ಸ್ಲೊಟ್' ಅಂದರೆ ಬೀಗ. ಕೋಟೆಗೂ ಅದೇ ಪದ. ಕತೆಯ ಕೊನೆಗೂ ಅದೇ.

ನಮ್ಮಲ್ಲೂ 'ಹತ್ತು' ಇದೆಯಲ್ಲ, ಅಂತೀರೇನೋ. ಆದರೆ ಎಣಿಕೆಯ ಹತ್ತಕ್ಕೂ ಮರ ಹತ್ತುವುದಕ್ಕೂ ನಂಟಿಲ್ಲ. ಸುಮ್ನೆ ಒಂದೇ ಉಚ್ಚಾರಕ್ಕೆ ಬಂದು ನಿಂತಿವೆ. ಸ್ಲೊಟ್‌ನ ಮೂರು ಅರ್ಥಗಳು ಮಾತ್ರ ಒಂದೇ ತಾಯಿಯ ಮಕ್ಕಳು. ತಾಯಿಯ ಹೆಸರು 'ಸ್ಲೌಟನ್', ಅಂದರೆ ಮುಚ್ಚುವುದು. ಬಾಗಿಲನ್ನು ಮುಚ್ಚಿಡುವುದು ಬೀಗ. ಸುತ್ತ ಗೋಡೆ ಎಬ್ಬಿಸಿ ಮುಚ್ಚಿದ ಜಾಗ ಕೋಟೆ. ಮಾತು ಮುಚ್ಚಿಕೊಳ್ಳುವಲ್ಲಿ ಕೊನೆ. ಬೀಗದ ಕೈ ಕೂಡ ಇದೇ ಮನೆಯದು: 'ಸ್ಲೋಟಲ್'.

1619ರಲ್ಲಿ ಕಾನೂನು ಪಂಡಿತ ಹ್ಯೂಗೊ ದ ಗ್ರೋಟ್‌ಗೆ ಜೀವಾವಧಿ ಶಿಕ್ಷೆಯಾಯಿತು. ಲೂವೆಸ್ಟೇನ್ ಕೋಟೆಯಲ್ಲಿ ಸೆರೆ. ಓದಲು ಪುಸ್ತಕಗಳು ಪೆಟ್ಟಿಗೆಯಲ್ಲಿ ಬಂದು ಹೋಗುತ್ತಿದ್ದವು. 1621ರ ಮಾರ್ಚ್‌ನಲ್ಲಿ ಹೆಂಡತಿ ಮರಿಯಾ ಪುಸ್ತಕದ ಬದಲು ಗಂಡನನ್ನೇ ಆ ಪೆಟ್ಟಿಗೆಯಲ್ಲಿ ಮುದುರಿಸಿ ಸಾಗಹಾಕಿದಳು. ಸ್ಲೊಟ್‌ನಿಂದ ಪಾರಾಗಲು ಸ್ಲೊಟ್ ಹಾಕಿಸಿಕೊಂಡ ಪುಣ್ಯಾತ್ಮ!

ಇರಲಿ, ಪದಕ್ಕೆ ಬರೋಣ. ಕಾಲುವೆಯ ನೀರು ತಡೆಯುವ ಬಾಗಿಲಿಗೆ ಡಚ್ಚರು 'ಸ್ಲೌಸ್' ಅನ್ನುತ್ತಾರೆ. ಅದೂ ಮುಚ್ಚುತ್ತದೆ, ಸದ್ದೂ ಹಾಗೇ ಇದೆ. ಸ್ಲೌಟನ್‌ನ ಮಗಳೇ ಅಲ್ವಾ? ಖಂಡಿತ ಅಲ್ಲ. ಅದು ಲ್ಯಾಟಿನ್ನಿನ 'ಎಕ್ಸ್‌ಕ್ಲೂಸಾ', ಹಳೆಯ ಫ್ರೆಂಚಿನ ಮೂಲಕ ಬಂದ ಎರವಲು. ಸದ್ದು ಹೋಲಿದರೆ ಸಾಕು, ಮೂಲ ಸಿಕ್ಕೇಬಿಟ್ಟಿತು ಎಂದು ಕುಣಿಯುವವರನ್ನು ಕಂಡರೆ ನನಗೆ ರೇಗುತ್ತದೆ.

ನೋಡಬೇಕಾದ್ದು ಸದ್ದು ಬದಲಾಗುವ ಕ್ರಮವನ್ನು. ಹಳಗನ್ನಡದ ಪಾಲ್ ಹಾಲಾಯಿತು, ಪಲ್ ಹಲ್ಲಾಯಿತು, ಪುಲಿ ಹುಲಿಯಾಯಿತು. ಒಂದೆರಡು ಪದ ಹೀಗಾದರೆ ಆಕಸ್ಮಿಕ; ಸಾಲುಸಾಲಾಗಿ ಆದರೆ ನಿಯಮ. ಲ್ಯಾಟಿನ್ನಿನಲ್ಲಿ 'ದ' ಇರುವ ಕಡೆ ಡಚ್ಚಿನಲ್ಲಿ 'ಟ' ಸಿಗುವುದೂ ಹೀಗೇ. ಎರಡಕ್ಕೆ ಅಲ್ಲಿ ದುಓ, ಇಲ್ಲಿ ಟ್ವೇ. ಹತ್ತಕ್ಕೆ ದೆಕೆಮ್, ಟೀನ್. ಹಲ್ಲಿಗೆ ದೆನ್ಸ್, ಟಾಂಡ್. ಇಂಥ ಬದಲಾವಣೆಗಳನ್ನು 1822ರಲ್ಲಿ ನಿಯಮವಾಗಿ ಜೋಡಿಸಿಟ್ಟವನು ಯಾಕೋಬ್ ಗ್ರಿಮ್, ಮಕ್ಕಳ ಕತೆಗಳ ಅದೇ ಗ್ರಿಮ್.

ಈಗ ಲ್ಯಾಟಿನ್ನಿನಲ್ಲಿ ಮುಚ್ಚುವುದಕ್ಕೆ ಏನನ್ನುತ್ತಾರೆ ನೋಡಿ: 'ಕ್ಲೌದೆರೆ'. ಅಲ್ಲಿ ದ, ಸ್ಲೌಟನ್‌ನಲ್ಲಿ ಟ. ಇವೆರಡೂ ಅಕ್ಕತಂಗಿಯರು ಎಂಬುದು ಭಾಷಾತಜ್ಞರ ಸಾಮಾನ್ಯ ಅಭಿಪ್ರಾಯ. ಎಕ್ಸ್‌ಕ್ಲೂಸಾ ಹುಟ್ಟಿದ್ದು ಈ ಕ್ಲೌದೆರೆಯ ಹೊಟ್ಟೆಯಲ್ಲೇ. ಅಂದರೆ ಸ್ಲೌಸ್, ಸ್ಲೊಟ್‌ನ ದೊಡ್ಡಮ್ಮನ ಮೊಮ್ಮಗಳು. ಫ್ರಾನ್ಸ್ ಸುತ್ತಿಕೊಂಡು ನೆಂಟರ ಮನೆಗೆ ಬಂದಳು, ಗುರುತು ಹತ್ತಲಿಲ್ಲ ಅಷ್ಟೆ.