ಬ್ಲಾಕ್ ಟೈಮ್: ಟಿಕೆಟ್‌ನಲ್ಲಿರುವ ಪ್ರಯಾಣದ ಸಮಯದ ಲೆಕ್ಕ

ಮಂಗಳೂರಿನಿಂದ ಬೆಂಗಳೂರಿಗೆ ಆಕಾಶದಲ್ಲಿ ನೇರ ದೂರ ಸುಮಾರು 300 ಕಿ.ಮೀ., ದುಬೈಗೆ ಸುಮಾರು 2,460 ಕಿ.ಮೀ. ದೂರ ಎಂಟು ಪಟ್ಟು. ಆದರೆ ಟಿಕೆಟ್ ನೋಡಿ: ಬೆಂಗಳೂರಿಗೆ ಒಂದು ಗಂಟೆ ಚಿಲ್ಲರೆ, ದುಬೈಗೆ ಮೂರೂವರೆ ಗಂಟೆಯ ಆಸುಪಾಸು. ಲೆಕ್ಕ ಹೊಂದುವುದಿಲ್ಲ ಅನಿಸುತ್ತದೆ, ಯಾಕೆಂದರೆ ಅಲ್ಲಿರುವುದು ಬರೀ ಹಾರಾಟದ ಸಮಯವಲ್ಲ, ಬ್ಲಾಕ್ ಟೈಮ್.

ನಿಂತ ವಿಮಾನದ ಚಕ್ರ ಉರುಳದಂತೆ ಹಿಂದೆ ಮುಂದೆ ಅಡ್ಡ ಕೊಟ್ಟಿರುತ್ತಾರೆ, ಏರಿನಲ್ಲಿ ನಿಂತ ಲಾರಿಯ ಟಯರಿಗೆ ಕಲ್ಲು ಇಟ್ಟ ಹಾಗೆ. ಆ ಅಡ್ಡ ತೆಗೆದು ವಿಮಾನ ಕದಲಿದಲ್ಲಿಂದ, ಹೋದ ಊರಿನಲ್ಲಿ ನಿಂತು ಮತ್ತೆ ಅಡ್ಡ ಕೊಡುವವರೆಗಿನ ಸಮಯವೇ ಬ್ಲಾಕ್ ಟೈಮ್. ರನ್‌ವೇವರೆಗೆ ಹೋಗುವುದು, ಸರದಿ ಕಾಯುವುದು, ಏರುವುದು, ಇಳಿಯುವುದು, ಇಳಿದ ಮೇಲೆ ಗೇಟಿಗೆ ಬರುವುದು ಎಲ್ಲವೂ ಇದರೊಳಗೆ. ಇವಕ್ಕೆ ಸುಮಾರು ಅರ್ಧ ಗಂಟೆ ಹೆಚ್ಚುವರಿ ಬೇಕು, ದಾರಿ 300 ಕಿ.ಮೀ. ಆದರೂ ಅಷ್ಟೇ, 2,460 ಆದರೂ ಅಷ್ಟೇ. ಬೆಂಗಳೂರಿನ ವಿಮಾನ ಏರಿ ಮುಗಿಸುವಷ್ಟರಲ್ಲಿ ಇಳಿಯಲು ಶುರುಮಾಡಿರುತ್ತದೆ.

ದೂರವನ್ನು ಅಳೆಯುವುದು ಗೋಳದ ಮೇಲಿನ ಅತಿ ಚಿಕ್ಕ ದಾರಿಯಲ್ಲಿ, ಅಂದರೆ ಮಹಾವೃತ್ತದಲ್ಲಿ. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆ ದೂರದೂರುಗಳಿಗೆ ಸುಳ್ಳು ಹೇಳುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ದಾರಿ ಹಿಡಿದದ್ದು ಇದಕ್ಕೇ.

ಇನ್ನು ಗಾಳಿ. ದುಬೈಗೆ ಹೋಗುವ ಬೋಯಿಂಗ್ 737ರ ವೇಗ ಗಂಟೆಗೆ ಸುಮಾರು 830 ಕಿ.ಮೀ. ಗಾಳಿಯೇ ಇಲ್ಲದಿದ್ದರೆ 2,460 ಕಿ.ಮೀ.ಗೆ ಮೂರು ಗಂಟೆ. ಎದುರಿನಿಂದ ಗಂಟೆಗೆ 75 ಕಿ.ಮೀ. ಗಾಳಿ ಬಂದರೆ 3 ಗಂಟೆ 15 ನಿಮಿಷ. ಅದೇ ಗಾಳಿ ಹಿಂದಿನಿಂದ ತಳ್ಳಿದರೆ 2 ಗಂಟೆ 43 ನಿಮಿಷ. ಚಳಿಗಾಲದಲ್ಲಿ ಕೊಲ್ಲಿಯ ಕಡೆ ಎತ್ತರದಲ್ಲಿ ಪಡುವಣ ಗಾಳಿ ಜೋರು, ಹಾಗಾಗಿ ಊರಿಗೆ ಬರುವ ವಿಮಾನ ಬೇಗ. ಮಳೆಗಾಲದಲ್ಲಿ ನಮ್ಮ ತಲೆಯ ಮೇಲೆ ಎತ್ತರದಲ್ಲಿ ಗಾಳಿ ಮೂಡಣದಿಂದ ಬೀಸುವುದರಿಂದ ಈ ಲಾಭ ಕಡಿಮೆಯಾಗುತ್ತದೆ.

ಹೆಚ್ಚು ಜನ ಎಡವುವುದು ಗಡಿಯಾರದಲ್ಲಿ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದ್ದು, ತಲುಪುವ ಹೊತ್ತು ತಲುಪುವ ಊರಿನದ್ದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಉದಾಹರಣೆಗೆ, ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ರಾತ್ರಿ 9ಕ್ಕೆ ಹೊರಟು 11.10ಕ್ಕೆ ತಲುಪುತ್ತದೆ ಎಂದಿದ್ದರೆ ಪ್ರಯಾಣ 2 ಗಂಟೆ 10 ನಿಮಿಷವಲ್ಲ, 3 ಗಂಟೆ 40 ನಿಮಿಷ. ವಾಪಸ್ ರಾತ್ರಿ 12.30ಕ್ಕೆ ಹೊರಟು ಬೆಳಗಿನ 5.15ಕ್ಕೆ ಬರುವುದಾದರೆ ಒಂದೂವರೆ ಗಂಟೆ ಕಳೆಯಬೇಕು: 3 ಗಂಟೆ 15 ನಿಮಿಷ. ಹೋಗುವಾಗ ಕೂಡಿಸಿ, ಬರುವಾಗ ಕಳೆಯಿರಿ.

ಕಂಪನಿಗಳು ಬ್ಲಾಕ್ ಟೈಮ್‌ನಲ್ಲಿ ಒಂದಿಷ್ಟು ನಿಮಿಷ ಕೈಯಲ್ಲಿ ಇಟ್ಟುಕೊಂಡಿರುತ್ತವೆ. ಇಪ್ಪತ್ತು ನಿಮಿಷ ತಡವಾಗಿ ಹೊರಟ ವಿಮಾನ ಸರಿಯಾದ ಹೊತ್ತಿಗೆ ಮುಟ್ಟಿದರೆ ಅದು ಪೈಲಟ್ ವೇಗ ಹೆಚ್ಚಿಸಿದ್ದರಿಂದಲೇ ಇರಬೇಕೆಂದಿಲ್ಲ. ಆದರೆ ಜಡಿಮಳೆಯಲ್ಲಿ ಬಜ್ಪೆಯ ಗುಡ್ಡ ಮೋಡದಲ್ಲಿ ಮುಚ್ಚಿಹೋಗಿ, ಮೇಲೆ ಸುತ್ತು ಹೊಡೆದು ವಿಮಾನ ಬೆಂಗಳೂರಿಗೆ ತಿರುಗಿದರೆ ಆ ನಿಮಿಷಗಳು ಎಲ್ಲಿಗೂ ಸಾಲುವುದಿಲ್ಲ. ಉಡುಪಿಯಿಂದ ಕರೆತರಲು ಹೋಗುವವರು ಮನೆ ಬಿಡುವ ಮೊದಲು ವಿಮಾನ ಅಲ್ಲಿಂದ ಹೊರಟಿದೆಯೇ ಎಂದು ನೋಡಿಕೊಳ್ಳಿ. ಇಮಿಗ್ರೇಷನ್ ಸಾಲು, ಬ್ಯಾಗ್ ಬರುವ ಹೊತ್ತು ಬ್ಲಾಕ್ ಟೈಮ್‌ನಲ್ಲಿ ಸೇರಿಲ್ಲ. ಅದನ್ನು ನೀವೇ ಕೂಡಿಸಿಕೊಳ್ಳಬೇಕು.